ಹಸಲ್: ಟೋಪಿಯೊಳಗೆ ಕುಲುಕಿದ ಕಾಸಿನಿಂದ ಬಂದ ಪದ

ಬೇಗ ನಡಿ, ಚುರುಕಾಗು ಅನ್ನುವುದಕ್ಕೆ ಇಂಗ್ಲಿಷ್ ಆಡುಮಾತಿನಲ್ಲಿ ‘ಹಸಲ್’ ಅನ್ನುತ್ತಾರೆ. ಬರೆಯುವಾಗ ನಡುವೆ ‘ಟಿ’ ಇರುತ್ತದೆ, ಓದುವಾಗ ಅದನ್ನು ನುಂಗಿಬಿಡಬೇಕು. ರಗಳೆ, ತಲೆನೋವು ಅನ್ನುವ ಅರ್ಥದ ‘ಹ್ಯಾಸಲ್’ ಬೇರೆಯೇ ಪದ.

ನನಗೆ ಜಾಸ್ತಿ ಇಷ್ಟವಾಗುವುದು ಈ ಪದ ಹುಟ್ಟಿದ ರೀತಿ. ಡಚ್ ಭಾಷೆಯಲ್ಲಿ ‘ಹುಟ್ಸೆಲೆನ್’ ಅಂದರೆ ಕುಲುಕುವುದು, ಅದೂ ಮತ್ತೆ ಮತ್ತೆ. ನಾವು ‘ಕುಲುಕಿ ಕುಲುಕಿ’ ಅಂತ ಎರಡು ಸಲ ಹೇಳುತ್ತೇವಲ್ಲ, ಆ ಕೆಲಸವನ್ನು ಅಲ್ಲಿ ನಡುವಿನ ‘ಎಲ್’ ಮಾಡುತ್ತದೆ. 1680ರ ದಶಕದಲ್ಲಿ ಅದು ಇಂಗ್ಲಿಷಿಗೆ ಬಂತು, ‘ಟ್ಸ’ ತಿರುಗುಮುರುಗಾಗಿ ‘ಸ್ಟ’ ಆಯಿತು. ಆ ಕಾಲದ ಇಂಗ್ಲೆಂಡಿನಲ್ಲಿ ‘ಹಸಲ್ ಕ್ಯಾಪ್’ ಅಂತ ಒಂದು ಜೂಜಾಟ ಇತ್ತು. ಟೋಪಿಯೊಳಗೆ ನಾಣ್ಯ ಹಾಕಿ, ಚೆನ್ನಾಗಿ ಕುಲುಕಿ, ಕೆಳಕ್ಕೆ ಸುರಿಯುವುದು. ಚೌಕಾಬಾರ ಆಡುವಾಗ ಕವಡೆಗಳನ್ನು ಎರಡೂ ಅಂಗೈ ನಡುವೆ ಹಿಡಿದು, ಗಲಗಲ ಅಂತ ಅಲ್ಲಾಡಿಸಿ, ಮನೆ ಬರಲಿ ಅಂತ ಬೇಡಿಕೊಂಡು ನೆಲಕ್ಕೆ ಬಿಡುತ್ತೇವಲ್ಲ, ಹೆಚ್ಚುಕಮ್ಮಿ ಹಾಗೇ.

ಟೋಪಿಯೊಳಗೆ ಕಾಸುಗಳು ಒಂದಕ್ಕೊಂದು ತಾಗುತ್ತವೆ. ಸಂತೆಯಲ್ಲಿ ಜನರೂ ಹಾಗೇ ಅಲ್ವಾ? 1751ರ ಹೊತ್ತಿಗೆ ‘ಒರಟಾಗಿ ನೂಕು’ ಅನ್ನುವ ಅರ್ಥ ಬಂತು. ನೂಕಿಕೊಂಡು ಹೋಗುವವರು ನಿಧಾನಕ್ಕೆ ಹೋಗುವುದಿಲ್ಲ, ಹಾಗಾಗಿ 1812ರ ಸುಮಾರಿಗೆ ಅದೇ ಪದ ‘ಬೇಗ ಬೇಗ ಹೋಗು’ ಅಂತಲೂ ಆಯಿತು. ಆಮೇಲೆ ಅಮೆರಿಕದಲ್ಲಿ ಅಡ್ಡದಾರಿಯಲ್ಲಿ ದುಡ್ಡು ಮಾಡುವುದಕ್ಕೂ, ಗಿರಾಕಿಯ ಬೆನ್ನು ಬಿದ್ದು ಮಾರುವುದಕ್ಕೂ ಇದೇ ಪದ. ಇವತ್ತು ಬೆಂಗಳೂರಿನಲ್ಲಿ ‘ಸೈಡ್ ಹಸಲ್’ ಅಂದರೆ ಅಡ್ಡದಾರಿಯ ವಾಸನೆ ಇಲ್ಲ. ಆಫೀಸ್ ಮುಗಿಸಿ ಟ್ಯೂಷನ್ ಹೇಳುವುದು, ಮನೆಯಲ್ಲೇ ಕೇಕ್ ಮಾಡಿ ಮಾರುವುದು, ಅಷ್ಟೇ.

ಆಟದ ಮೈದಾನದಲ್ಲಿ ಮಾತ್ರ ಹಳೆಯ ಚುರುಕು ಹಾಗೇ ಇದೆ. ಬೇಸ್‌ಬಾಲ್‌ನಲ್ಲಿ ಎಸೆಯುವವನು ನಾಲ್ಕು ಚೆಂಡು ತಪ್ಪಾಗಿ ಹಾಕಿದರೆ ಬ್ಯಾಟರ್‌ಗೆ ಮೊದಲ ಬೇಸ್, ಅಂದರೆ ಓಡಿ ಮುಟ್ಟಬೇಕಾದ ಮೊದಲ ಠಾಣೆ, ಸುಮ್ನೆ ಸಿಗುತ್ತದೆ, ಯಾರೂ ಔಟ್ ಮಾಡುವ ಹಾಗಿಲ್ಲ, ಆರಾಮಾಗಿ ನಡೆದು ಹೋಗಬಹುದು. ಅಮೆರಿಕದ ಬೇಸ್‌ಬಾಲ್ ಆಟಗಾರ ಪೀಟ್ ರೋಸ್ ಆಗಲೂ ಓಡುತ್ತಿದ್ದರು. ಅದಕ್ಕೇ ಅವರಿಗೆ ‘ಚಾರ್ಲಿ ಹಸಲ್’ ಅಂತ ಅಡ್ಡಹೆಸರು ಬಿತ್ತು.

ಹಾಗಾಗಿ ಕೋಚ್ ‘ಹಸಲ್!’ ಅಂತ ಕೂಗಿದರೆ ಅದನ್ನು ‘ಗಡಿಬಿಡಿ ಮಾಡು’ ಅಂತ ಕನ್ನಡಿಸಬೇಡಿ. ಗಡಿಬಿಡಿಯಲ್ಲಿ ಕೈತಪ್ಪುತ್ತದೆ. ‘ಕಾಲು ಚುರುಕು ಮಾಡು’ ಅನ್ನಿ, ಸರಿಹೋಗುತ್ತದೆ.