ಎಕ್ಸ್‌ಪೋಶರ್ 529 ಎಂದರೆ ಎಷ್ಟು ಹೊತ್ತು?

ಅಡಿಕೆಯನ್ನು ಚಾಲಿ, ಕೋಕಾ, ಬಿಳೆಗೋಟು ಎಂದು ದರ್ಜೆವಾರು ಬೇರ್ಪಡಿಸುವ ಯಂತ್ರಕ್ಕೆ ಕ್ಯಾಮೆರಾ ಕೂರಿಸುವ ಶಿರಸಿಯ ಹುಡುಗರು ತರುವ ದೂರು ಹೆಚ್ಚುಕಡಿಮೆ ಒಂದೇ: "ಬೆಳಿಗ್ಗೆ ಚಾಲಿ ಅಂದಿದ್ದನ್ನೇ ಮಧ್ಯಾಹ್ನ ಕೋಕಾ ಅಂತದೆ ಸರ್, ಮಾಡೆಲ್ ಇನ್ನೂ ಟ್ರೈನ್ ಮಾಡಬೇಕಾ?" ಮಾಡೆಲ್ (ಚಿತ್ರ ನೋಡಿ ದರ್ಜೆ ಗುರುತಿಸುವ ತಂತ್ರಾಂಶ) ಮುಟ್ಟಬೇಡಿ ಎನ್ನುತ್ತೇನೆ. ಎಕ್ಸ್‌ಪೋಶರ್ ಎಂದರೆ ಒಂದು ಚಿತ್ರಕ್ಕೆ ಕ್ಯಾಮೆರಾದ ಸೆನ್ಸರ್ ಬೆಳಕು ಹಿಡಿಯುವ ಹೊತ್ತು, ವೈಟ್ ಬ್ಯಾಲೆನ್ಸ್ ಎಂದರೆ ಬಣ್ಣದ ಹೊಂದಾಣಿಕೆ. ಮೊದಲು ಆಟೊ ಎಕ್ಸ್‌ಪೋಶರ್, ಆಟೊ ವೈಟ್ ಬ್ಯಾಲೆನ್ಸ್ ಎರಡನ್ನೂ ಆಫ್ ಮಾಡಿ. ಬೆಲ್ಟಿನ ಮೇಲೆ ಬಿಳಿ ಅಡಿಕೆ ಹೆಚ್ಚಾದರೆ ಆಟೊ ತಾನಾಗಿ ಬೆಳಕು ಇಳಿಸುತ್ತದೆ. ಆಗ ಒಳ್ಳೆಯ ಚಾಲಿಯೂ ಮಂಕಾಗಿ ಕಾಣುತ್ತದೆ.

ಆಫ್ ಮಾಡಿದ ಮೇಲೆ ಎರಡನೇ ಗೊಂದಲ. ಲಿನಕ್ಸ್‌ನಲ್ಲಿ ಕ್ಯಾಮೆರಾ ಡ್ರೈವರ್ (ಕ್ಯಾಮೆರಾವನ್ನು ನಡೆಸುವ ತಂತ್ರಾಂಶ) ತನ್ನ ಕಂಟ್ರೋಲ್‌ಗಳನ್ನು ವಿ4ಎಲ್2 ಎಂಬ ಲಿನಕ್ಸ್ ವಿಡಿಯೊ ಇಂಟರ್‌ಫೇಸ್ ಮೂಲಕ ಆ್ಯಪ್‌ಗಳಿಗೆ ತೋರಿಸುತ್ತದೆ. ಪ್ರತಿಯೊಂದಕ್ಕೂ ಹೆಸರು, ಕನಿಷ್ಠ, ಗರಿಷ್ಠ, ಸ್ಟೆಪ್, ಡಿಫಾಲ್ಟ್ ಇರುತ್ತವೆ. ಅಳತೆ ಯಾವುದರಲ್ಲಿ ಎಂದು ಮಾತ್ರ ಆ ಪಟ್ಟಿ ಹೇಳುವುದಿಲ್ಲ. ಯುಎಸ್‌ಬಿ ವೆಬ್‌ಕ್ಯಾಮ್‌ನ ಎಕ್ಸ್‌ಪೋಶರ್ 100 ಮೈಕ್ರೋಸೆಕೆಂಡಿನ ಲೆಕ್ಕದಲ್ಲಿದೆ, ಅಂದರೆ 100 ಎಂದು ಕೊಟ್ಟರೆ 10 ಮಿಲಿಸೆಕೆಂಡ್. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಕ್ಯಾಮೆರಾ ಮಾಡ್ಯೂಲ್ 2ರಲ್ಲಿರುವ ಐಎಂಎಕ್ಸ್219ರಂಥ ಬರಿಯ ಸೆನ್ಸರ್‌ಗೆ ಅದೇ 100 ಕೊಟ್ಟರೆ ಅದು 100 ಸಾಲು.

ಸಾಲು ಎಂದರೆ ಸೆನ್ಸರ್ ಒಂದು ಅಡ್ಡಸಾಲನ್ನು ಓದಿ ಮುಗಿಸುವ ಹೊತ್ತು. ಐಎಂಎಕ್ಸ್219ರ ಡ್ರೈವರ್ ಕೊಡುವ ಪಿಕ್ಸೆಲ್ ರೇಟ್ ಸೆಕೆಂಡಿಗೆ 18.24 ಕೋಟಿ. ಬ್ಲ್ಯಾಂಕಿಂಗ್ (ಸಾಲಿನ ಕೊನೆಯ ಖಾಲಿ ಬಿಡುವು) ಸೇರಿ ಒಂದು ಸಾಲು 3448 ಪಿಕ್ಸೆಲ್ ಇದ್ದರೆ ಭಾಗಾಕಾರ ಮಾಡಿ ನೋಡಿ, ಸುಮಾರು 18.9 ಮೈಕ್ರೋಸೆಕೆಂಡ್. 10 ಮಿಲಿಸೆಕೆಂಡ್ ಬೇಕಾದರೆ 529 ಸಾಲು. ಬೇರೆ ಸೆನ್ಸರ್ ಹಾಕಿದ ದಿನ ಈ 529ಕ್ಕೆ ಅರ್ಥವಿಲ್ಲ. ಹಾಗಾಗಿ ಕೋಡಿನಲ್ಲಿ ಸಂಖ್ಯೆ ಬರೆದಿಡದೆ, ಪಿಕ್ಸೆಲ್ ರೇಟ್ ಮತ್ತು ಹಾರಿಜಾಂಟಲ್ ಬ್ಲ್ಯಾಂಕಿಂಗ್ ಎರಡನ್ನೂ ಡ್ರೈವರನ್ನೇ ಕೇಳಿ ಲೆಕ್ಕ ಹಾಕಬೇಕು.

ಎಕ್ಸ್‌ಪೋಶರ್ ಒಂದು ಫ್ರೇಮಿಗಿಂತ ಉದ್ದವಾಗಲಾರದು. ಸೆಕೆಂಡಿಗೆ 30 ಫ್ರೇಮ್ ಎಂದರೆ ಮೇಲಿನ ಲೆಕ್ಕದಲ್ಲಿ ಫ್ರೇಮಿಗೆ 1763 ಸಾಲು. ಈ ಸೆನ್ಸರ್‌ನಲ್ಲಿ ಅದಕ್ಕಿಂತ 4 ಕಡಿಮೆಯೇ ಎಕ್ಸ್‌ಪೋಶರ್‌ನ ಗರಿಷ್ಠ ಮಿತಿ. 40 ಮಿಲಿಸೆಕೆಂಡ್ ಬೇಕೆಂದು 2116 ಕೊಟ್ಟರೆ ಎರರ್ ಬರುವುದಿಲ್ಲ, 1759ಕ್ಕೆ ಇಳಿಸಿ ಸುಮ್ಮನಾಗುತ್ತದೆ. ಕೊಟ್ಟ ಮೇಲೆ ಮತ್ತೆ ಓದಿ ನೋಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಮೊದಲು ವರ್ಟಿಕಲ್ ಬ್ಲ್ಯಾಂಕಿಂಗ್ (ಫ್ರೇಮಿನ ಕೊನೆಯ ಖಾಲಿ ಸಾಲುಗಳು) ಹೆಚ್ಚಿಸಿದರೆ ಫ್ರೇಮ್ ಉದ್ದವಾಗುತ್ತದೆ, ಗರಿಷ್ಠ ಮಿತಿ ಮೇಲೇರುತ್ತದೆ, ಆಮೇಲೆ ಎಕ್ಸ್‌ಪೋಶರ್. ಎರಡನ್ನೂ ಒಂದೇ ಕರೆಯಲ್ಲಿ ಕಳಿಸಿದರೆ ಹಳೆಯ ಮಿತಿಗೇ ಕತ್ತರಿ ಬೀಳಬಹುದು, ಆದ್ದರಿಂದ ಬೇರೆ ಬೇರೆಯಾಗಿ ಕಳಿಸಿ. ಬರೆದದ್ದು ಮುಂದಿನ ಫ್ರೇಮಿನಲ್ಲೇ ಕಾಣುತ್ತದೆಂದೂ ಎಣಿಸಬೇಡಿ. ಎಕ್ಸ್‌ಪೋಶರ್‌ಗೆ ಈ ಸೆನ್ಸರ್‌ನಲ್ಲಿ ಎರಡು ಫ್ರೇಮ್ ತಡ, ಗೇನ್‌ಗೆ (ಹಿಡಿದ ಬೆಳಕಿನ ಸಂಕೇತವನ್ನು ಹಿಗ್ಗಿಸುವ ಪಟ್ಟು) ಒಂದು.

ಗೇನ್ ಕೂಡ ನೇರವಾಗಿಲ್ಲ. ಇಲ್ಲಿ ಕೋಡ್ 0ರಿಂದ 232. 256 ಅನ್ನು (256 − ಕೋಡ್)ನಿಂದ ಭಾಗಿಸಿದರೆ ನಿಜವಾದ ಗೇನ್. 128ಕ್ಕೆ ಎರಡು ಪಟ್ಟು, 192ಕ್ಕೆ ನಾಲ್ಕು, 232ಕ್ಕೆ ಹತ್ತಕ್ಕೂ ಹೆಚ್ಚು. ಸ್ಲೈಡರ್ ಕೊನೆಯ ತುದಿಯಲ್ಲಿ ಸ್ವಲ್ಪ ಸರಿದರೂ ಚಿತ್ರ ಜಿಗಿಯುವುದು ಅದಕ್ಕೆ.

ಇಷ್ಟೆಲ್ಲ ಆ್ಯಪ್ ಬರೆಯುವವರ ತಲೆಗೆ ಕಟ್ಟುವ ಬದಲು ಡ್ರೈವರೇ ಮಿಲಿಸೆಕೆಂಡ್ ತೆಗೆದುಕೊಳ್ಳಬಾರದೇ? ಬಾರದು ಎಂಬುದೇ ನನ್ನ ನಿಲುವು. ಸೆನ್ಸರ್ ಏನು ಮಾಡಬಲ್ಲದೋ ಅದನ್ನು ಅದರದೇ ಲೆಕ್ಕದಲ್ಲಿ ಒಪ್ಪಿಸುವುದಷ್ಟೇ ಡ್ರೈವರ್‌ನ ಕೆಲಸ. ಮಿಲಿಸೆಕೆಂಡನ್ನು ಸಾಲಿಗೆ ತಿರುಗಿಸುವುದು, ಆಟೊ ನಡೆಸುವುದು, ಬಣ್ಣ ಸರಿಮಾಡುವುದು ಮೇಲಿನ ಪದರದ್ದು. 2018ರಲ್ಲಿ ಶುರುವಾದ ಲಿಬ್‌ಕ್ಯಾಮೆರಾ ಎಂಬ ತಂತ್ರಾಂಶ ಇರುವುದೇ ಅದಕ್ಕೆ. ಅದನ್ನು ಬಳಸುವವರಿಗೆ ಮೈಕ್ರೋಸೆಕೆಂಡಿನಲ್ಲೇ ಎಕ್ಸ್‌ಪೋಶರ್ ಕೊಡಲು ಬರುತ್ತದೆ.

ಇನ್ನು ಅಡಿಕೆ ಬೆಲ್ಟಿಗೆ ಎಷ್ಟು ಇಡಬೇಕು? ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಚಿತ್ರದಲ್ಲಿ ಪಟ್ಟೆ ಬಾರದಿರಲು ಎಕ್ಸ್‌ಪೋಶರ್ 10 ಮಿಲಿಸೆಕೆಂಡಿನ ಮಡಿಯಲ್ಲಿರಬೇಕು. ಆದರೆ ಬೆಲ್ಟ್ ಸೆಕೆಂಡಿಗೆ 30 ಸೆಂಟಿಮೀಟರ್ ಓಡುತ್ತಿದ್ದರೆ ಅಷ್ಟರಲ್ಲಿ ಅಡಿಕೆ 3 ಮಿಲಿಮೀಟರ್ ಸರಿದು ಅಂಚು ಕಲಸಿಹೋಗುತ್ತದೆ. ಟ್ಯೂಬ್‌ಲೈಟ್ ಬಿಟ್ಟು, ಮಿನುಗದ ಡಿಸಿ ಎಲ್‌ಇಡಿ ಹಾಕಿ, 1 ಮಿಲಿಸೆಕೆಂಡಿಗೆ, ಅಂದರೆ 53 ಸಾಲಿಗೆ ಇಳಿಸಿ. ಬೆಳಕು ಸಾಲದಿದ್ದರೆ ಗೇನ್ ಏರಿಸುವ ಮೊದಲು ಇನ್ನೊಂದು ಎಲ್‌ಇಡಿ ಪಟ್ಟಿ ಕೊಳ್ಳಿ, ಅದೇ ಅಗ್ಗ.

ಅಡಿಕೆ ಓರೆಯಾಗಿ ಕಾಣುವುದು ಮಾತ್ರ ಯಾವ ಕಂಟ್ರೋಲಿಗೂ ಬಗ್ಗದು. ಸೆನ್ಸರ್ ಸಾಲುಗಳನ್ನು ಒಂದಾದ ಮೇಲೊಂದು ಓದುವುದರಿಂದ 1080 ಸಾಲು ಓದಲು 20 ಮಿಲಿಸೆಕೆಂಡ್ ಹಿಡಿಯುತ್ತದೆ, ಅಷ್ಟರೊಳಗೆ ಬೆಲ್ಟ್ 6 ಮಿಲಿಮೀಟರ್ ಮುಂದೆ. ಅದು ಕಾಡಿದರೆ ಎಲ್ಲ ಸಾಲಿನ ಬೆಳಕನ್ನೂ ಒಟ್ಟಿಗೇ ಹಿಡಿಯುವ, ಐಎಂಎಕ್ಸ್296ರಂಥ ಗ್ಲೋಬಲ್ ಶಟರ್ ಸೆನ್ಸರ್ ತರಿಸಬೇಕು.