ಅಷ್ಟು ದುಡ್ಡು ಮಾಡಿದ ಮಾರ್ಕ್ ಟ್ವೇನ್ ದಿವಾಳಿ ಎದ್ದಿದ್ದು ಹೇಗೆ?

ಪ್ರಶ್ನೆ: ಮಾರ್ಕ್ ಟ್ವೇನ್ ಬದುಕಿದ್ದಾಗಲೇ ಅವನ ಪುಸ್ತಕಗಳು ಭರ್ಜರಿಯಾಗಿ ಮಾರಾಟವಾಗುತ್ತಿದ್ದವಂತೆ. ಆದರೂ ದಿವಾಳಿ ಎದ್ದನಂತೆ. ಕುಡಿತವಾ, ಜೂಜಾ?

ಉತ್ತರ: ಎರಡೂ ಅಲ್ಲ, ಒಂದು ಮಷೀನು. ಅದೂ ಒಂಥರಾ ಜೂಜೇ ಅನ್ನಿ.

ಅಮೆರಿಕದ ಈ ಲೇಖಕನ ನಿಜವಾದ ಹೆಸರು ಸ್ಯಾಮ್ಯುಯೆಲ್ ಕ್ಲೆಮೆನ್ಸ್. ಹುಟ್ಟಿದ್ದು 1835ರಲ್ಲಿ, ಮಿಸೌರಿಯಲ್ಲಿ. ಹನ್ನೊಂದನೇ ವಯಸ್ಸಿಗೆ ಅಪ್ಪ ತೀರಿಕೊಂಡ. ಆಮೇಲೆ ಹುಡುಗ ಅಚ್ಚುಕೂಟ ಸೇರಿದ. ಸಂಬಳ ಇಲ್ಲ, ಊಟ ಬಟ್ಟೆ ಮಾತ್ರ. ಆ ಬಟ್ಟೆಯೂ ಯಜಮಾನನ ಹಳೇದು. ಅಂಗಿ ತೊಟ್ಟರೆ ಸರ್ಕಸ್ ಡೇರೆಯೊಳಗೆ ಇದ್ದಂತಾಗುತ್ತಿತ್ತು ಅಂತ ಮುಂದೆ ಅವನೇ ಬರೆದುಕೊಂಡಿದ್ದಾನೆ.

ಅಲ್ಲಿ ಕಲಿತದ್ದು ಮೊಳೆ ಜೋಡಿಸುವ ಕೆಲಸ. ಮರದ ಖಾನೆಗಳಿಂದ ಸೀಸದ ಅಕ್ಷರಗಳನ್ನು ಒಂದೊಂದೇ ಹೆಕ್ಕಿ ಸಾಲು ಮಾಡಬೇಕು. ಅಚ್ಚಾದ ಮೇಲೆ ಒಂದೊಂದನ್ನೂ ಅದರದರ ಖಾನೆಗೆ ವಾಪಸ್ ಹಾಕಬೇಕು. ಪಕ್ಕದ ಖಾನೆಗೆ ಬಿತ್ತೋ, ನಾಳಿನ ಪುಟದಲ್ಲಿ ತಪ್ಪು ಗ್ಯಾರಂಟಿ.

ಆಮೇಲೆ ಮಿಸಿಸಿಪ್ಪಿಯಲ್ಲಿ ಹಡಗು ನಡೆಸಿದ, ನೆವಾಡದಲ್ಲಿ ಬೆಳ್ಳಿ ಹುಡುಕಿದ, ಪತ್ರಿಕೆಗೆ ಬರೆದ, ಹೆಸರು ಮಾಡಿದ. ಆದರೆ ಬೆರಳು ಆ ಮೊಳೆಗಳನ್ನು ಮರೆತಿರಲಿಲ್ಲ. ಹಾಗಾಗಿಯೇ 1880ರ ಹೊತ್ತಿಗೆ ಜೇಮ್ಸ್ ಪೇಜ್ ಅನ್ನುವವನು ಮೊಳೆ ಜೋಡಿಸುವ ಯಂತ್ರದ ವಿಷಯ ತಂದಾಗ ಟ್ವೇನ್ ಮರುಳಾದ. ಬೇರೆ ಲೇಖಕನಾಗಿದ್ದರೆ ಕೇಳಿ ಸುಮ್ನೆ ಇರುತ್ತಿದ್ದನೇನೋ.

ಪೇಜ್‌ನ ಯಂತ್ರ ಮೊಳೆ ಜೋಡಿಸುವವನ ಕೈ ಮಾಡುವುದನ್ನೆಲ್ಲ ಮಾಡಬೇಕಿತ್ತು, ಮೊಳೆಗಳನ್ನು ವಾಪಸ್ ಖಾನೆಗೆ ಸೇರಿಸುವುದೂ ಸೇರಿ. ಅದಕ್ಕೆ ಸುಮಾರು 18,000 ಬಿಡಿಭಾಗ! ಓಡಿದಾಗ ಅದ್ಭುತವಾಗಿ ಓಡುತ್ತಿತ್ತು. ಆದರೆ ಮತ್ತೆ ಮತ್ತೆ ಕೆಡುತ್ತಿತ್ತು. ಪೇಜ್‌ಗೋ ಬಿಚ್ಚಿ ಇನ್ನೂ ಸುಧಾರಿಸುವ ಹುಚ್ಚು. ಅಷ್ಟರಲ್ಲಿ, 1886ರಲ್ಲಿ, ಮರ್ಗೆಂಥಾಲರ್ ಅನ್ನುವವನ ಲೈನೋಟೈಪ್ ಯಂತ್ರ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಕೆಲಸ ಶುರುಮಾಡಿತು. ಅದು ಮೊಳೆಯ ತಂಟೆಗೇ ಹೋಗಲಿಲ್ಲ. ಬಿಸಿ ಲೋಹದಿಂದ ಇಡೀ ಸಾಲನ್ನೇ ಎರಕ ಹೊಯ್ಯುವುದು, ಅಚ್ಚಾದ ಮೇಲೆ ಕರಗಿಸಿಬಿಡುವುದು. ವಾಪಸ್ ಹಾಕುವ ತಲೆನೋವೇ ಇಲ್ಲ, ಅಲ್ವಾ?

ಟ್ವೇನ್ ಮಾತ್ರ ಪೇಜ್‌ಗೆ ದುಡ್ಡು ಸುರಿಯುತ್ತಲೇ ಹೋದ. ಎರಡು ಲಕ್ಷ ಡಾಲರ್ ಆಸುಪಾಸು ಅಂತ ಕೆಲವರ ಲೆಕ್ಕ, ಮೂರು ಲಕ್ಷ ಅಂತ ಇನ್ನು ಕೆಲವರದು. ಸಾಲದ್ದಕ್ಕೆ ಅವನದೇ ಒಂದು ಪ್ರಕಾಶನ ಸಂಸ್ಥೆಯೂ ಇತ್ತು. ಮಾಜಿ ಅಧ್ಯಕ್ಷ ಗ್ರಾಂಟ್ ಅವರ ಆತ್ಮಕಥೆ ಪ್ರಕಟಿಸಿ ಅದು ಚೆನ್ನಾಗಿ ಗಳಿಸಿತ್ತು. ಆಮೇಲೆ ಸೊರಗಿ 1894ರಲ್ಲಿ ಬಾಗಿಲು ಹಾಕಿತು.

ಸ್ಟ್ಯಾಂಡರ್ಡ್ ಆಯಿಲ್ ಅನ್ನುವ ತೈಲ ಕಂಪನಿಯ ಹೆನ್ರಿ ರೋಜರ್ಸ್ ಲೆಕ್ಕಪತ್ರ ಕೈಗೆ ತೆಗೆದುಕೊಂಡು, ಸಾಲ ಕೊಟ್ಟವರ ಪಾಲಾಗದಂತೆ ಪುಸ್ತಕಗಳ ಹಕ್ಕನ್ನು ಹೆಂಡತಿ ಒಲಿವಿಯಾ ಹೆಸರಿಗೆ ಮಾಡಿಸಿದ. ದಿವಾಳಿಯಾದವನು ಅಲ್ಲಿಗೇ ಕೈತೊಳೆದುಕೊಳ್ಳಬಹುದಿತ್ತು. ಟ್ವೇನ್ ಪೈಸೆ ಪೈಸೆ ತೀರಿಸುತ್ತೇನೆ ಅಂದ. ಸುಮಾರು 60 ವರ್ಷದವನು, 1895ರಲ್ಲಿ ಭಾಷಣ ಮಾಡುತ್ತಾ ಪ್ರಪಂಚ ಸುತ್ತಲು ಹೊರಟ. 1896ರ ಶುರುವಿನಲ್ಲಿ ಮುಂಬೈ, ಕಲ್ಕತ್ತಾ, ಡಾರ್ಜಿಲಿಂಗ್ ಎಲ್ಲ ಸುತ್ತಿದ್ದು ಇದೇ ಪ್ರವಾಸದಲ್ಲಿ. ಅದು ಮುಗಿದು ಇಂಗ್ಲೆಂಡಿನಲ್ಲಿದ್ದಾಗ, ಊರಿನಲ್ಲಿದ್ದ ಹಿರಿಮಗಳು ಸೂಸಿ ಮೆದುಳುಪೊರೆಯ ಉರಿಯೂತದಿಂದ ತೀರಿಕೊಂಡ ಸುದ್ದಿ ಬಂತು.

1898ರ ಹೊತ್ತಿಗೆ ಸಾಲವೆಲ್ಲ ತೀರಿತು. ಆದರೆ ಸೂಸಿ ಕಣ್ಮುಚ್ಚಿದ, ಹಾರ್ಟ್‌ಫರ್ಡ್ ಊರಿನ ತಮ್ಮ ಮನೆಯಲ್ಲಿ ಆ ಕುಟುಂಬ ಮತ್ತೆ ಸಂಸಾರ ಹೂಡಲಿಲ್ಲ. ಈಗ ಆ ಮನೆ ಮ್ಯೂಸಿಯಂ. ಪೇಜ್‌ನ ಯಂತ್ರಗಳಲ್ಲಿ ಉಳಿದಿರುವ ಒಂದೇ ಒಂದು ಅಲ್ಲೇ ಇದೆ.