ವಾರ್ಮರ್ ಕೊಡಿಸೋಣವೇ, ಬಾಣಂತಿಗೆ ಒರಗುವ ಕುರ್ಚಿ ಕೊಡಿಸೋಣವೇ?

ಪ್ರಶ್ನೆ: ನಮ್ಮದು ಸಣ್ಣ ಟ್ರಸ್ಟ್. ತಾಲ್ಲೂಕು ಆಸ್ಪತ್ರೆಯಲ್ಲಿ ಕಡಿಮೆ ತೂಕದಲ್ಲಿ ಹುಟ್ಟುವ ಮಕ್ಕಳಿಗಾಗಿ ಒಂದು ವಾರ್ಮರ್ (ಮಗುವನ್ನು ಬೆಚ್ಚಗಿಡುವ ಯಂತ್ರ) ಕೊಡಿಸಲು ಹಣ ಕೂಡಿಸಿದ್ದೇವೆ. ಕೊಡಿಸಬಹುದೇ?

ಮೊದಲು ಹೆರಿಗೆ ಕೋಣೆಗೆ ಹೋಗಿ ನೋಡಿ ಬನ್ನಿ. ಹುಟ್ಟಿದ ತಕ್ಷಣ ಉಸಿರಾಡದ ಮಗುವನ್ನು ನೋಡಿಕೊಳ್ಳಲು ಅಲ್ಲಿ ಕೆಲಸ ಮಾಡುವ ವಾರ್ಮರ್ ಒಂದು ಇರಲೇಬೇಕು. ಇದ್ದದ್ದು ಕೆಟ್ಟು ಮೂಲೆ ಸೇರಿದ್ದರೆ ಹೊಸದರ ಮಾತು ಬಿಟ್ಟು ರಿಪೇರಿ ಮಾಡಿಸಿ. ಅದರಲ್ಲೂ ಮಗುವಿನ ಮೈಗೆ ಅಂಟಿಸುವ, ಮೈಬಿಸಿ ಅಳೆಯುವ ಪ್ರೋಬ್ ಸರಿಯಿದೆಯೇ ಕೇಳಿ. ಪ್ರೋಬ್ ಕಳಚಿಕೊಂಡರೆ ಯಂತ್ರ ಅದನ್ನೇ ಮಗುವಿನ ಮೈ ತಂಪು ಎಂದು ಲೆಕ್ಕ ಹಾಕಿ ಕಾಯಿಸುತ್ತಲೇ ಹೋಗುತ್ತದೆ, ಮಗುವಿಗೆ ಜ್ವರ ಬಂದಷ್ಟು ಬಿಸಿಯಾಗುತ್ತದೆ.

ವಾರ್ಮರ್ ಸರಿಯಿದ್ದರೆ ನಿಮ್ಮ ಹಣ ಹೋಗಬೇಕಾದದ್ದು ಕಾಂಗರೂ ಆರೈಕೆಗೆ. ಮಗುವಿಗೆ ಟೋಪಿ, ಲಂಗೋಟಿ, ಕಾಲುಚೀಲ ಬಿಟ್ಟು ಬೇರೇನೂ ಹಾಕದೆ, ತಾಯಿಯ ಎರಡು ಮೊಲೆಗಳ ನಡುವೆ ನೆಟ್ಟಗೆ, ಮೈಗೆ ಮೈ ತಾಗುವಂತೆ ಇರಿಸಿ ಬಟ್ಟೆಯಿಂದ ಕಟ್ಟುವುದು. ಕೈಕಾಲು ಕಪ್ಪೆಯಂತೆ ಮಡಚಿರಬೇಕು, ತಲೆ ಒಂದು ಕಡೆ ಹೊರಳಿರಬೇಕು, ಮಗುವಿನ ಗದ್ದ ತನ್ನದೇ ಎದೆಗೆ ಒತ್ತಿಕೊಳ್ಳಬಾರದು. ಒತ್ತಿಕೊಂಡರೆ ಉಸಿರಾಟಕ್ಕೆ ಅಡ್ಡಿ. ದಿನಕ್ಕೆ 8ರಿಂದ 24 ಗಂಟೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಸಲ ಕಟ್ಟಿದರೆ ಒಂದು ಗಂಟೆಗಿಂತ ಮೊದಲು ಬಿಚ್ಚಬೇಡಿ. ಪದೇ ಪದೇ ಎತ್ತಿ ಇಳಿಸಿದರೆ ಮಗು ದಣಿಯುತ್ತದೆ.

ಬಡವರ ಪಾಲಿನ ಬದಲಿ ವ್ಯವಸ್ಥೆ ಇದು ಎಂದುಕೊಳ್ಳಬೇಡಿ. ದೆಹಲಿಯೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ 1 ಕೆಜಿಯಿಂದ 1.8 ಕೆಜಿಯೊಳಗಿನ ಮಕ್ಕಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮಗು ಚೇತರಿಸಿಕೊಳ್ಳಲಿ ಎಂದು ಕಾಯದೆ ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕೊಟ್ಟ ಕಡೆ 28 ದಿನದೊಳಗಿನ ಸಾವು ಶೇ 12. ಚೇತರಿಸಿಕೊಂಡ ಮೇಲೆ ಕೊಟ್ಟ ಕಡೆ ಶೇ 15.7.

ನಮ್ಮಲ್ಲೇ ಕೊಪ್ಪಳ ಜಿಲ್ಲೆಯಲ್ಲಿ ಆರೋಗ್ಯ ಇಲಾಖೆ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಜೊತೆಗೂಡಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಒಯ್ಯುವ ಕೆಲಸ ಮಾಡಿವೆ. ಸರ್ಕಾರದ ನರ್ಸ್, ಸರ್ಕಾರದ ಆಶಾ ಕಾರ್ಯಕರ್ತೆ ತಮ್ಮ ಕೆಲಸ ಮಾಡುತ್ತಾರೆ. ಅದು ಎಲ್ಲಿ ನಿಲ್ಲುತ್ತದೋ ಅಲ್ಲಿ ಸಂಸ್ಥೆ ಕೈಜೋಡಿಸುತ್ತದೆ. ಪಾಲುದಾರಿಕೆ ಎಂದರೆ ಇಷ್ಟೇ.

ಎಲ್ಲಿ ನಿಲ್ಲುತ್ತದೆ? ವಾರ್ಡಿನಲ್ಲಿ ಪರದೆ ಇರುವುದಿಲ್ಲ. ಬೇರೆಯವರ ಗಂಡಂದಿರು ಓಡಾಡುವ ಕಡೆ ಬಾಣಂತಿ ಕುಪ್ಪಸ ಬಿಚ್ಚಿ ಕೂರುವುದು ಹೇಗೆ? ಸಿಸೇರಿಯನ್ ಆದವಳಿಗೆ ಸಮತಟ್ಟು ಮಂಚದ ಮೇಲೆ ಮಗು ಹೊತ್ತು ಮಲಗಲಾಗದು, ಬೆನ್ನು ಒರಗಲು ಏನಾದರೂ ಬೇಕು. ಜೊತೆಗೆ ಬಂದ ಅಜ್ಜಿಗೆ ಊಟ ಸಿಗದಿದ್ದರೆ ಮೂರನೆಯ ದಿನಕ್ಕೆ "ಮನೆಗೆ ಹೋಗೋಣ ನಡಿ" ಎನ್ನುತ್ತಾಳೆ. ಹಾಗಾಗಿ ಕೊಡಿಸಬೇಕಾದದ್ದು ಪರದೆ, ಒರಗುವ ಕುರ್ಚಿ, ಮಗುವನ್ನು ಕಟ್ಟುವ ಮೆತ್ತನೆಯ ಹತ್ತಿಬಟ್ಟೆ, ಗ್ರಾಂ ಲೆಕ್ಕದಲ್ಲಿ ತೂಗುವ ಡಿಜಿಟಲ್ ತಕ್ಕಡಿ, ತಾಯಿಗೂ ಜೊತೆಯವರಿಗೂ ಊಟ. ಅಪ್ಪನೂ ಅಜ್ಜಿಯೂ ಸರದಿಯ ಮೇಲೆ ಮಗುವನ್ನು ಎದೆಗೆ ಕಟ್ಟಿಕೊಳ್ಳಬಹುದು. ಅದನ್ನು ಕೂತು ಕಲಿಸಲು ದಿನಕ್ಕೆ ನಾಲ್ಕು ಗಂಟೆ ವಾರ್ಡಿನಲ್ಲಿರುವ ಹೆಣ್ಣುಮಗಳೊಬ್ಬಳನ್ನು ಸಂಬಳಕ್ಕೆ ನೇಮಿಸಿ. ನಿಮ್ಮ ಹಣ ಅತಿ ಹೆಚ್ಚು ಫಲ ಕೊಡುವುದು ಅಲ್ಲೇ.

ಇದಕ್ಕೆ ಆಸ್ಪತ್ರೆಯ ಆಡಳಿತಾಧಿಕಾರಿಯ ಒಪ್ಪಿಗೆ ಮತ್ತು ಆರೋಗ್ಯ ರಕ್ಷಾ ಸಮಿತಿಯ ನಡಾವಳಿ ಬೇಕು. ಜಿಲ್ಲಾ ಆರ್‌ಸಿಎಚ್ (ತಾಯಿ ಮಕ್ಕಳ ಆರೋಗ್ಯದ) ಅಧಿಕಾರಿಗೂ ತಿಳಿಸಿ. ಎರಡು ಪುಟದ ಒಡಂಬಡಿಕೆಯಲ್ಲಿ ಯಾರ ಕೆಲಸ ಯಾವುದು, ಎಷ್ಟು ತಿಂಗಳು, ಕುರ್ಚಿ ಮುರಿದರೆ ಸರಿಪಡಿಸುವವರು ಯಾರು ಎಂಬುದಿರಲಿ. ಬಾಣಂತಿಯರ ಫೋಟೋ ತೆಗೆದು ಹಂಚುವುದಿಲ್ಲ ಎಂದೂ ಬರೆಯಿರಿ.

ಒಂದು ಎಚ್ಚರಿಕೆ. ದಾನದ ಕಿಟ್‌ನಲ್ಲಿ ಹಾಲಿನ ಬಾಟಲಿ, ಡಬ್ಬಿ ಹಾಲು ಇಡಬೇಡಿ. ಅನಾಥಾಲಯಗಳ ಹೊರತು ಬೇರೆಯವರಿಗೆ ಇವನ್ನು ದಾನ ಮಾಡುವುದನ್ನು 1992ರ ಕಾಯ್ದೆ ನಿಷೇಧಿಸಿದೆ. ಚೀಪಲು ಬಾರದ ಮಗುವಿಗೆ ತಾಯಿಯ ಹಾಲನ್ನೇ ಹಿಂಡಿ ಒಳಲೆಯಲ್ಲಿ (ಮೂತಿಯಿರುವ ಪುಟ್ಟ ಬಟ್ಟಲು) ಕುಡಿಸಬಹುದು. ಕಿಟ್‌ನಲ್ಲಿ ಒಳಲೆಯನ್ನು ಇಡಿ.

ಮನೆಗೆ ಹೋದ ಮೇಲೆ ಕೆಲಸ ಕೆಡುವುದು ಬಚ್ಚಲಲ್ಲಿ. ಎಣ್ಣೆ ತಿಕ್ಕಿ ನೀರು ಹೊಯ್ದು ಸಾಂಬ್ರಾಣಿ ಹೊಗೆ ಹಿಡಿಯುವ ಹೊತ್ತಿಗೆ ಒಂದೂವರೆ ಕೆಜಿಯ ಕೂಸು ತಣ್ಣಗಾಗಿರುತ್ತದೆ. ತೂಕ 2 ಕೆಜಿ ಮುಟ್ಟುವವರೆಗೆ ಸ್ನಾನ ಬೇಡ, ಒರೆಸಿದರೆ ಸಾಕು. ಇದನ್ನು ಬಾಣಂತಿಗೆ ಹೇಳಿ ಪ್ರಯೋಜನವಿಲ್ಲ, ನೀರು ಹೊಯ್ಯುವ ಅಜ್ಜಿಗೆ ಹೇಳಬೇಕು, ಅದೂ ಆಸ್ಪತ್ರೆಯಲ್ಲಿರುವಾಗಲೇ. ಆಸ್ಪತ್ರೆ ಹೆರಿಗೆಯಾದ ಮನೆಗೆ ಆಶಾ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಡಿಸ್ಚಾರ್ಜ್ ದಿನವೇ ಆಕೆಗೆ ಫೋನ್ ಮಾಡಿ ಮಗುವಿನ ತೂಕ ತಿಳಿಸಿ. ತವರಿಗೆ ಹೋಗುತ್ತಿದ್ದರೆ ತವರೂರಿನ ಆಶಾಗೆ. ಮಗು ಹಾಲು ಬಿಟ್ಟರೆ, ಅಂಗಾಲು ತಣ್ಣಗಿದ್ದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡಿದರೆ 108ಕ್ಕೆ ಕರೆ ಮಾಡಿ, ಗಾಡಿಯಲ್ಲೂ ಮಗುವನ್ನು ಎದೆಗೇ ಕಟ್ಟಿಕೊಂಡು ಹೋಗಬೇಕು.